ಕೆರೆಯದೆ ಅಳೆಯುವ ಬಗೆ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ತೆಳುವಾದ ವಸ್ತುಗಳನ್ನು ಅಳೆಯಲು ನಮ್ಮಲ್ಲಿದ್ದುದು ಒಂದೇ ಒಂದು ಸ್ಕ್ರೂಗೇಜು. ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ ಅದು ನಂಬಿಕಸ್ಥ. “ಸರ್, ಕಿಟಕಿಯ ಸರಳಿಗೆ ಬಳಿದ ಬಣ್ಣದ ದಪ್ಪವನ್ನು ಅಳೆಯುವುದು ಹೇಗೆ?” ಎಂದು ಹುಡುಗನೊಬ್ಬ ಕೇಳಿದಾಗ, ಕೆರೆದು ತೆಗೆದು ಅಳೆಯಬೇಕೆಂದು ಹೇಳಿ ಪಾರಾಗಿದ್ದೆ. ಕೆರೆಯದೆಯೂ ಅಳೆಯಬಹುದೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಅದಕ್ಕೆ ಬಳಸುವುದು ಟೆರಾಹರ್ಟ್ಸ್ ತರಂಗಗಳನ್ನು. ರೇಡಿಯೋ ಅಲೆಗಳಿಗೂ ಶಾಖದ ಕಿರಣಗಳಿಗೂ ನಡುವಿನ ಈ ಪ್ರದೇಶ ಬಹುಕಾಲ ಬೀಳುಬಿದ್ದ ಹೊಲದಂತಿತ್ತು. ಒಂದು ಕಡೆಯಿಂದ ಜಗದೀಶಚಂದ್ರ ಬೋಸರು 1895ರ ಸುಮಾರಿಗೆ ಕಲ್ಕತ್ತೆಯಲ್ಲಿ 5 ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ ಅದರ ಬದುವಿನ ಸಮೀಪಕ್ಕೆ ಬಂದಿದ್ದರು. ಇನ್ನೊಂದು ಕಡೆಯಿಂದ 1900ರಲ್ಲಿ ಬರ್ಲಿನ್ನಿನ ರೂಬೆನ್ಸ್ ಮತ್ತು ಕುರ್ಲ್‌ಬೌಮ್ ಒಳಹೊಕ್ಕರು. ಅವರ ಅಳತೆಗಳೇ ಪ್ಲಾಂಕನನ್ನು ತನ್ನ ಪ್ರಸಿದ್ಧ ಸೂತ್ರದತ್ತ ನೂಕಿದವು. ನಿಜವಾದ ಬೇಸಾಯ ಆರಂಭವಾದದ್ದು ಮಾತ್ರ 1980ರ ದಶಕದಲ್ಲಿ, ಅತ್ಯಲ್ಪಾವಧಿಯ ಲೇಸರ್ ಮಿಡಿತಗಳು ಕೈಗೆ ಬಂದ ಬಳಿಕ. 1995ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೂ ಮತ್ತು ನಸ್ ಈ ಅಲೆಗಳಿಂದ ಚಿತ್ರವನ್ನೇ ಮೂಡಿಸಿದರು.

ತತ್ತ್ವವು ಬಾವಿಯಲ್ಲಿ ಕೂಗಿ ಪ್ರತಿಧ್ವನಿಗೆ ಕಾದಂತೆಯೇ. ಮಿಡಿತದ ಒಂದಂಶ ಬಣ್ಣದ ಮೇಲ್ಮೈಯಿಂದಲೂ ಇನ್ನೊಂದಂಶ ಅಡಿಯ ಲೋಹದಿಂದಲೂ ಮರಳುತ್ತದೆ. ನಡುವಣ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ, ವಕ್ರೀಭವನ ಸೂಚ್ಯಂಕದ ಇಮ್ಮಡಿಯಿಂದ ಭಾಗಿಸಿದರೆ ದಪ್ಪ ದೊರೆಯಿತು. ಸೂಚ್ಯಂಕ 2 ಇರುವ, 0.1 ಮಿಲಿಮೀಟರ್ ದಪ್ಪದ ಪದರದಲ್ಲಿ ಆ ಕಾಲ ಒಂದು ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ! (ನಮ್ಮ ಶಾಲೆಯ ಗಡಿಯಾರ ದಿನಕ್ಕೆ ಹತ್ತು ನಿಮಿಷ ತಪ್ಪುತ್ತಿತ್ತು.)

ಇದು ಬರಿಯ ಪಾಂಡಿತ್ಯದ ಮಾತಲ್ಲ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರುತ್ತಿದ್ದಾಗ ಇಂಧನ ತೊಟ್ಟಿಯ ಹೊರಹೊದಿಕೆಯಿಂದ ಮುಕ್ಕಾಲು ಕಿಲೋ ತೂಕದ ನೊರೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ಆ ನೊರೆಯ ಒಳಗಣ ಪೊಳ್ಳುಗಳನ್ನು ಹುಡುಕುವುದು ಸುಲಭವಲ್ಲ. ಶ್ರವಣಾತೀತ ಧ್ವನಿಯನ್ನು ಅದು ನುಂಗಿಬಿಡುತ್ತದೆ. ಟೆರಾಹರ್ಟ್ಸ್ ಅಲೆ ಅದನ್ನು ಹಾದು, ಅಡಿಯ ಲೋಹಕ್ಕೆ ತಾಗಿ, ಸುದ್ದಿಯೊಡನೆ ಹಿಂದಿರುಗುತ್ತದೆ. ದುರಂತದ ನಂತರ ನಾಸಾ ಕೈಗೊಂಡ ತಪಾಸಣಾವಿಧಾನಗಳಲ್ಲಿ ಇದೂ ಒಂದಾಯಿತು. ಆದರೂ 2005ರ ಜುಲೈನಲ್ಲಿ ಡಿಸ್ಕವರಿ ಹಾರಿದಾಗ ಮತ್ತೆ ನೊರೆ ಕಳಚಿತು. ಪುಣ್ಯಕ್ಕೆ, ಆ ಸಲ ಏಳೂ ಮಂದಿ ಮನೆಗೆ ಮರಳಿದರು.