ಪ್ರಥಮ ಭಾಷೆಯ ವ್ಯಾಜ್ಯ

ಬುಕ್ಕಾಂಬುಧಿಯಂಥ ಹಳ್ಳಿಯ ಹುಡುಗನು ಕನ್ನಡವನ್ನೋದದೆ ಎಸ್ಸೆಸ್ಸೆಲ್ಸಿ ಮುಗಿಸುವನೆಂಬುದು ಊಹೆಗೂ ನಿಲುಕದ ಮಾತು. ಪಟ್ಟಣಗಳಲ್ಲಿ ಹಾಗಿರಲಿಲ್ಲ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದು, ಕನ್ನಡದ ಸೋಂಕಿಲ್ಲದೆಯೇ ಹೈಸ್ಕೂಲು ದಾಟುವ ದಾರಿ ಅಲ್ಲಿ ತೆರೆದಿತ್ತು. ಅದರಲ್ಲಿ ಅಂಕ ಸುಲಭವೆಂಬ ನಂಬಿಕೆಯೂ ಇತ್ತು.

1980ರಲ್ಲಿ ಸರ್ಕಾರವು ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕಗಳಿರಲಿ ಎಂಬುದೇ 1981ರ ವರದಿಯ ತಿರುಳು. ಅದರ ಜಾರಿಗಾಗಿ 1982ರಲ್ಲಿ ನಾಡೇ ಎದ್ದು ನಿಂತಿತು. ನಟ ರಾಜ್‌ಕುಮಾರರೂ ಚಳವಳಿಗೆ ಇಳಿದರು. ಆಜ್ಞೆ ಹೊರಟಿತು, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕನ್ನಡವೊಂದನ್ನೇ ಪ್ರಥಮ ಭಾಷೆಯಾಗಿ ವಿಧಿಸುವುದು ಸಲ್ಲದೆಂದು 1989ರಲ್ಲಿ ಹೈಕೋರ್ಟು ತೀರ್ಪಿತ್ತಿತು. ಕೊನೆಗೆ 2015ರ ಕಾಯಿದೆಯು, ಒಂದನೆಯ ತರಗತಿಯಿಂದ ಹಂತಹಂತವಾಗಿ, ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕನ್ನಡ ಕಲಿಸಲೇಬೇಕೆಂದಿತು.

ಹಳ್ಳಿಯ ಹುಡುಗನಿಗೆ ಆಯ್ಕೆಯೇ ಇರಲಿಲ್ಲ. ಮೂವತ್ತೈದು ವರ್ಷಗಳ ವ್ಯಾಜ್ಯ ನಡೆದದ್ದು ಆಯ್ಕೆಯಿದ್ದವರಿಗಾಗಿ.