ಹಾಲುವಾಣದ ಗಂಟು: ಕಳಸದ ಕಾಫಿ ತೋಟದ ಮರಗಸಿ ಮತ್ತು ಒಂದು ಕಣಜ

ಗಂಟು ಕಟ್ಟುವ ಕಣಜಗಳೆಂದರೆ ಮೊದಲು ನೆನಪಾಗುವುದು ಓಕ್ ಮರಗಳನ್ನು ಆಶ್ರಯಿಸಿದ ಸಿನಿಪಿಡೇ ಕುಟುಂಬ. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿ ಇದೇ ಕುಟುಂಬದ ಕಣಜವೊಂದು ಪಶ್ಚಿಮ ಏಷ್ಯಾದ ಓಕ್ ಮೇಲೆ ಎಬ್ಬಿಸಿದ ಗಂಟು. ಆದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಓಕ್ ಇಲ್ಲ. ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ, ಓಕ್‌ಗೆ ಸಂಬಂಧವೇ ಇಲ್ಲದ ಮರ. ಕಳಸದ ಕಡೆ ಗಂಟು ಹುಡುಕುವವರು ಕಾಫಿ ತೋಟದ ನೆರಳಿನ ಮರವಾದ ಹಾಲುವಾಣವನ್ನು ನೋಡಬೇಕು.

ಇದರ ಮೇಲಿನ ಕಣಜ ಕ್ವಾಡ್ರಾಸ್ಟಿಕಸ್ ಎರಿತ್ರೈನೇ, ಯೂಲೋಫಿಡೇ ಕುಟುಂಬದ್ದು. ಸಿಂಗಪುರ, ಮಾರಿಷಸ್, ರಿಯೂನಿಯನ್ ಮಾದರಿಗಳನ್ನು ಆಧರಿಸಿ ಕಿಮ್ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೆ ಹೆಸರಿಟ್ಟರು. 2006ರಲ್ಲಿ ಕೇರಳದಿಂದ ವರದಿಯಾಯಿತು. ಕರ್ನಾಟಕದ ಕಾಫಿ, ಮೆಣಸಿನ ಸೀಮೆಗೂ ಹಬ್ಬಿತು. ಹೆಣ್ಣು ಸುಮಾರು ಒಂದೂವರೆ ಮಿಲಿಮೀಟರ್ ಉದ್ದ, ಕಂದು ಮೈ. ಗಂಡು ಇನ್ನೂ ಚಿಕ್ಕದು, ಬಣ್ಣ ತಿಳಿ.

ಕಣಜ ಮೊಟ್ಟೆಯಿಟ್ಟ ಚಿಗುರಿನ ತೊಟ್ಟು ಬಾತು, ಎಲೆ ಮುರುಟಿ ಗಡ್ಡೆಯಾಗಿರುತ್ತದೆ. ಬ್ಲೇಡಿನಿಂದ ಸೀಳಿದರೆ ಪುಟ್ಟ ಪುಟ್ಟ ಗೂಡುಗಳು, ಒಂದೊಂದರಲ್ಲೂ ಕಾಲಿಲ್ಲದ ಬಿಳಿ ಹುಳು. ಕೋಶಾವಸ್ಥೆಯೂ ಅಲ್ಲೇ ಕಳೆಯುತ್ತದೆ. ಗಂಟಿನ ಮೈಮೇಲೆ ಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದರೆ ಕಣಜಗಳು ಆಗಲೇ ಹೊರಬಿದ್ದಿವೆ. ಮೊಟ್ಟೆಯಿಂದ ಇಲ್ಲಿಯವರೆಗೆ ಮೂರು ವಾರ ಸಾಕು.

ಕಣಜಕ್ಕೆ ಬೇಕಾದದ್ದು ಎಳೆ ಚಿಗುರು. ತೋಟದಲ್ಲಿ ಅದನ್ನು ಒದಗಿಸುವವರು ನಾವೇ ಎಂಬುದು ನನ್ನ ವಾದ. ಹಾಲುವಾಣವನ್ನು ಗೂಟ ನೆಟ್ಟು ಬೆಳೆಸುತ್ತೇವೆ. ಹಾಗಾಗಿ ಸಾಲಿಗೆ ಸಾಲೇ ಒಂದೇ ತಾಯಿಮರದ ತದ್ರೂಪವಾಗಿರಬಹುದು. ನೆರಳು ಹದ ಮಾಡಲು ಕೊಂಬೆ ಸವರಿ ಮರಗಸಿ ಮಾಡಿದ ಮೇಲೆ ಅವೆಲ್ಲ ಒಟ್ಟಿಗೆ ಚಿಗುರುತ್ತವೆ. ಪಕ್ಕದ ತೋಟದಲ್ಲಿ ಮರಗಸಿ ತಡವಾದರೆ ಚಿಗುರಿನ ಕಾಲವೂ ಅಷ್ಟು ಉದ್ದ. ಕೀಟದ ಹಾವಳಿ ಅಳೆಯುವಾಗ ಮಳೆಯ ಲೆಕ್ಕದ ಜೊತೆ ಮರಗಸಿಯ ತಾರೀಕನ್ನೂ ಬರೆದಿಡದಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ.

ಹವಾಯಿಯಲ್ಲಿ 2005ರಲ್ಲಿ ಕಾಣಿಸಿಕೊಂಡ ಈ ಕಣಜ ಹಾಲುವಾಣದ ಬಳಗದ, ಅಲ್ಲಿನ ವಿಲಿವಿಲಿ ಮರಗಳನ್ನು ಸೊರಗಿಸಿತು. 2008ರಲ್ಲಿ ಟಾಂಜಾನಿಯಾದಿಂದ ತಂದ ಯೂರಿಟೋಮಾ ಎರಿತ್ರೈನೇ ಎಂಬ ಶತ್ರುಕಣಜವನ್ನು ಬಿಟ್ಟರು. ಅದರ ಮರಿ ಗಂಟಿನೊಳಗೇ ಗೂಡಿನಿಂದ ಗೂಡಿಗೆ ಕೊರೆಯುತ್ತ ಹುಳುಗಳನ್ನು ತಿನ್ನುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಅಂತರ್ವ್ಯಾಪಿ ಕೀಟನಾಶಕ ಕೊಡುವುದಕ್ಕಿಂತ ಇದು ಒಪ್ಪುವ ದಾರಿ. ಆದರೆ ವಿಲಿವಿಲಿ ಕಾಡುಮರ, ಅದಕ್ಕೆ ಮರಗಸಿಯಿಲ್ಲ. ಅಂಥ ಶತ್ರುಕಣಜವನ್ನು ಇಲ್ಲಿ ಬಿಟ್ಟ ಮೇಲೂ ಗಂಟಾದ ಕೊಂಬೆ ಕಡಿದು ಸುಡಬೇಕೆಂಬ ಸಲಹೆಯನ್ನು ಪಾಲಿಸಿದರೆ, ಅದೇ ಗಂಟಿನೊಳಗಿರುವ ಶತ್ರುಕಣಜದ ಮರಿಯೂ ಬೆಂದುಹೋಗುತ್ತದೆ.