ಜಗಲಿಯ ಮೇಲೆ ಕೂರುತ್ತಿದ್ದವರು ಯಾರು?

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕಟ್ಟಿಸುವವರಲ್ಲಿ ಹಲವರು ಈಗ ಹಳೆಯದನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಕೆಂಪು ಗಾರೆಯ ನೆಲ, ಬಾಗಿಲ ಪಕ್ಕದಲ್ಲೊಂದು ಜಗಲಿ, ಮುಂಗಟ್ಟಿಗೆ ಮಂಗಳೂರು ಹಂಚು, ಯಾವುದೋ ಊರಿನ ಮನೆಯಿಂದ ಕಳಚಿ ತಂದ ಕಂಬ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಚಿತ್ತಾರ. ಒಳಾಂಗಣ ವಿನ್ಯಾಸ ಮಾಡುವವರನ್ನು ಕೇಳಿದರೆ ಇದೆಲ್ಲ ನಮ್ಮ ದಿನನಿತ್ಯದ ಬದುಕಿನಿಂದ ಪಡೆದ ಸ್ಫೂರ್ತಿ ಎನ್ನುತ್ತಾರೆ. ಮಾತು ಚೆನ್ನಾಗಿದೆ. ಆದರೆ ಅದು ಯಾರ ದಿನನಿತ್ಯ, ಯಾವ ಕಾಲದ ದಿನನಿತ್ಯ ಎಂದು ಕೇಳಿಕೊಂಡರೆ ಈ ಒಂದೊಂದು ವಸ್ತುವೂ ಬೇರೆಯದೇ ಕತೆ ಹೇಳತೊಡಗುತ್ತದೆ. ಅಂಥ ಮೂರ್ನಾಲ್ಕು ಕತೆಗಳನ್ನು ಇಲ್ಲಿ ಜೋಡಿಸಿ ನೋಡುತ್ತೇನೆ.

ಮೊದಲು ಸೂರಿನ ವಿಚಾರ. ಹಂಚಿನ ಮನೆ ಎಂದರೆ ನಮ್ಮ ಕಣ್ಣಿಗೆ ಅನಾದಿಕಾಲದ್ದು. ಹಾಗೆ ನೋಡಿದರೆ ಮಂಗಳೂರು ಹಂಚಿಗೆ ಆ ಹೆಸರು ಬರಲು ಕಾರಣವಾದ ಕಾರ್ಖಾನೆ ಶುರುವಾದದ್ದು 1865ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ತೆರೆದಿತ್ತು, ಅಚ್ಚುಕೂಟ ಇಟ್ಟಿತ್ತು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದಿತ್ತು. ಕನ್ನಡದ ಮೊದಲ ಪತ್ರಿಕೆಯನ್ನು ಕೊಟ್ಟ ಈ ಮಿಶನ್ನಿನವರೇ ನಮ್ಮ ಸೂರನ್ನೂ ಬದಲಿಸಿದರು. ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಅದಕ್ಕೆ ಬೇಕಾದ ಜೇಡಿಮಣ್ಣಿತ್ತು. ಒಂದರ ಅಂಚು ಇನ್ನೊಂದರ ಅಂಚನ್ನು ಕಚ್ಚಿಕೊಂಡು ಕೂರುವ ಹಂಚಿನ ನಮೂನೆ ಮಾತ್ರ ಇಲ್ಲಿಯದಲ್ಲ. ಅದು 1840ರ ದಶಕದಲ್ಲಿ ಆಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ರೂಪಿಸಿದ ಬಗೆಯದು.

ಧರ್ಮಪ್ರಚಾರಕ್ಕೆ ಬಂದವರು ಹಂಚು ಸುಡಲು ಕೂತದ್ದೇಕೆ? ಉತ್ತರ ಇರುವುದು ಜಾತಿಯಲ್ಲಿ. ಮತಾಂತರವಾದವರು ತಮ್ಮ ಮನೆಯವರಿಂದಲೂ ಊರವರಿಂದಲೂ ಹೊರಗಾಗುತ್ತಿದ್ದರು. ಜಾತಿ ಬಿಟ್ಟವರ ಕಸುಬೂ ಕೈಬಿಡುತ್ತಿತ್ತು, ಎಷ್ಟೋ ಸಲ ಗೇಣಿಗೆ ಮಾಡುತ್ತಿದ್ದ ಗದ್ದೆಯೂ ಹೋಗುತ್ತಿತ್ತು. ತುಳುನಾಡಿನಲ್ಲಿ ಕ್ರೈಸ್ತರಾದ ಬಿಲ್ಲವರು ಹಲವರಿದ್ದರು. ಮೂರ್ತೆ, ಎಂದರೆ ಮರವೇರಿ ಕಳ್ಳು ಇಳಿಸುವ ಕೆಲಸ, ಅವರಲ್ಲಿ ಅನೇಕರ ಜೀವನಾಧಾರವಾಗಿತ್ತು. ಮಿಶನ್ ಅದನ್ನು ಒಪ್ಪುತ್ತಿರಲಿಲ್ಲ. ಹೀಗೆ ದಾರಿ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಲೇಬೇಕಾದಾಗ ನೇಯ್ಗೆ ಬಂತು, ಹಂಚು ಬಂತು. ಇಂದು ಮುಂಗಟ್ಟಿನ ಅಂದಕ್ಕೆಂದು ನಾವು ಹೊದಿಸುವ ಹಂಚು ಹುಟ್ಟಿದ್ದು ಕಸುಬು ಕಳೆದುಕೊಂಡವರ ಕೈಗಳಲ್ಲಿ.

ಆ ಹಂಚು ಊರೂರಿಗೆ ಹೋಗಿ ಮಾಡಿದ್ದೇನು ಎಂಬುದೂ ಮುಖ್ಯ. ಅದಕ್ಕೂ ಮೊದಲು ಮಲೆನಾಡು-ಕರಾವಳಿಯ ಹೆಚ್ಚಿನ ಮನೆಗಳಿಗೆ ಹುಲ್ಲು ಅಥವಾ ಅಡಿಕೆ ಸೋಗೆಯ ಹೊದಿಕೆ. ಅನುಕೂಲವಿದ್ದವರಿಗೆ ಕುಂಬಾರರು ಕೈಯಲ್ಲಿ ಮಾಡಿಕೊಟ್ಟ ನಾಡಹಂಚು. ಸೋಗೆಯ ಮನೆಗೆ ಮಳೆಗಾಲಕ್ಕೆ ಮೊದಲು ಹೊಸ ಹೊದಿಕೆ ಹಾಕಬೇಕು, ಬೇಸಿಗೆಯಲ್ಲಿ ಒಲೆಯ ಕಿಡಿಗೂ ಹೆದರಬೇಕು. ಇನ್ನು ಮಲಬಾರಿನಂಥ ಕಡೆ ಹಂಚು ದೇವಸ್ಥಾನ, ಅರಮನೆಗಳ ಸೊತ್ತಾಗಿತ್ತು. ಬೇರೆಯವರು ಹೊದಿಸಬೇಕಾದರೆ ಅರಸನ ಅನುಮತಿ ಬೇಕಿತ್ತು. ಕಾರ್ಖಾನೆಯ ಹಂಚು ಅನುಮತಿ ಕೇಳಲಿಲ್ಲ, ದುಡ್ಡು ಕೇಳಿತು. ದುಡ್ಡು ಎಲ್ಲರಲ್ಲೂ ಇರಲಿಲ್ಲ ಎನ್ನುವುದು ಬೇರೆ ಮಾತು. ಆದರೂ ಸೂರಿನ ಮೇಲಿದ್ದ ಜಾತಿಯ ಹಿಡಿತ ಸ್ವಲ್ಪ ಸಡಿಲವಾದದ್ದು ಹೀಗೆ. ಹಳ್ಳಿಗಳಲ್ಲಿ 'ಹಂಚಿನ ಮನೆಯವರು' ಎಂಬ ಮಾತಿಗೆ ತೂಕ ಬಂದದ್ದು ಆಮೇಲೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನರ ಆಸ್ತಿಯೆಂದು ಮಿಶನ್ನಿನ ಉದ್ಯಮಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಂಚು ಮಾತ್ರ ಅಷ್ಟು ಹೊತ್ತಿಗೆ ನಮ್ಮದೇ ಆಗಿಹೋಗಿತ್ತು.

ಕೆಂಪು ನೆಲದ ಕತೆಯೂ ಇದರ ತಂಗಿಯಂತಿದೆ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಗಾರೆಯವರು ಮೊಣಕಾಲೂರಿ ಕೂತು ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರಿಸಿದ ಆ ನೆಲ, ಕಾರ್ಖಾನೆಯ ಸಿಮೆಂಟು ನಮ್ಮ ಊರುಗಳಿಗೆ ಬಂದ ಮೇಲಿನದು. ಅಂದರೆ ಹೆಚ್ಚೆಂದರೆ ಇಪ್ಪತ್ತನೆಯ ಶತಮಾನದ್ದು. ಅದರ ಹಿಂದಿದ್ದದ್ದು ಸಗಣಿ ಸಾರಿಸಿದ ನೆಲ, ಅದರ ಅಂಚಿಗೆ ಬಳಿದ ಕೆಮ್ಮಣ್ಣು. ಸಗಣಿ ಸಾರಿಸುವ ಕೆಲಸದಿಂದ ಬಿಡುಗಡೆ ಕೊಟ್ಟ ಕೆಂಪು ಗಾರೆ ಆ ಮನೆಯ ಹೆಂಗಸರ ಪಾಲಿಗೆ ಪರಂಪರೆಯಾಗಿರಲಿಲ್ಲ, ಹೊಸ ಸೌಕರ್ಯವಾಗಿತ್ತು. ನಾವು ಸಂಪ್ರದಾಯ ಎಂದು ಕೊಂಡು ತರುವುದರಲ್ಲಿ ಬಹುಪಾಲು, ಒಂದು ತಲೆಮಾರಿನವರು ತಮ್ಮ ಕಾಲದ ಹೊಸದನ್ನು ಧೈರ್ಯವಾಗಿ ಮನೆಯೊಳಗೆ ಬಿಟ್ಟುಕೊಂಡದ್ದರ ಫಲ.

ಹಾಗಾದರೆ ನಿಜಕ್ಕೂ ದಿನನಿತ್ಯದ ಬದುಕನ್ನೇ ನೋಡಿ ಮನೆಯನ್ನು ಸಿಂಗರಿಸಿದವರು ಯಾರು? ನನಗೆ ತಕ್ಷಣ ನೆನಪಾಗುವುದು ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಹೆಂಗಸರು. ಮದುವೆ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಿಕಾಗುವಷ್ಟು ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ, ಮಣ್ಣಿನಿಂದಲೇ ಕೆಂಪು. ಕುಂಚವೆಂದರೆ ಪುಂಡಿನಾರು. ಪೇಟೆಯಿಂದ ತರಬೇಕಾದದ್ದು ಏನೂ ಇಲ್ಲ. ಬರೆಯುವುದಾದರೂ ಏನನ್ನು? ಮನೆಯ ಕಂಬ-ತೊಲೆಗಳ ಕಟ್ಟು, ಚಾಪೆಯ ಹೆಣಿಗೆ, ಭತ್ತದ ತೆನೆ, ದಂಡಿಗೆಯಲ್ಲಿ ಕೂತ ಮದುಮಕ್ಕಳು, ವಾದ್ಯದವರು. ಕಣ್ಣಿಗೆ ದಿನವೂ ಬೀಳುವ ವಸ್ತುಗಳು ಗೆರೆ, ತ್ರಿಕೋನ, ಚೌಕಗಳಾಗಿ ಗೋಡೆಗೇರುತ್ತವೆ. ಕನ್ನಡದಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ: ಬರೆಯುವುದು. ಅಕ್ಷರ ಕೈಗೆ ಸಿಗದಿದ್ದ ಎಷ್ಟೋ ಹೆಂಗಸರು ತಮ್ಮ ಲೋಕವನ್ನು ಬರೆದಿಟ್ಟದ್ದು ಗೋಡೆಯ ಮೇಲೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಚಿತ್ತಾರ ಬರೆದು, ಅದರಲ್ಲಿ ಗದ್ದೆಗೆ ಎಡೆ ಒಯ್ಯುತ್ತಾರೆ.

ಆ ಗದ್ದೆ ಅವರದ್ದಾಗಿತ್ತೇ? ಚಿತ್ತಾರದ ಬಗ್ಗೆ ಬರುವ ಅಂದದ ಪುಸ್ತಕಗಳಲ್ಲಿ ಈ ಪ್ರಶ್ನೆ ಅಪರೂಪ. ದೀವರಲ್ಲಿ ಬಹಳ ಮಂದಿ ಗೇಣಿದಾರರಾಗಿದ್ದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆ ಮುಂದಿಟ್ಟುಕೊಂಡು ಅವರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕಿಳಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾಗೋಡು ನಮಗೆ ರಾಜಕೀಯ ಚರಿತ್ರೆಯ ಪುಟ, ಹಸೆ ಚಿತ್ತಾರ ಜಾನಪದದ ಪುಟ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇವೆ. ಆದರೆ ಕೊಳಗಕ್ಕೆ ಭತ್ತ ಸುರಿದದ್ದೂ ಅದನ್ನೇ ಕುಟ್ಟಿ ಬಂದ ಅಕ್ಕಿ ಅರೆದು ಗೋಡೆಗೆ ತೆನೆ ಬರೆದದ್ದೂ ಒಂದೇ ಮನೆಗಳವರು. ಬೆಳೆ ಯಾರ ಕಣಜ ಸೇರಿದರೂ ತೆನೆಯ ಚಿತ್ರ ತಮ್ಮ ಗೋಡೆಯಲ್ಲಿ ಇರಲಿ ಎಂದು ಬರೆದವರ ಮನಸ್ಸನ್ನು ಊಹಿಸಿದಾಗ ಆ ಬಿಳಿ ಗೆರೆಗಳು ನನಗೆ ಬರೀ ಅಲಂಕಾರವಾಗಿ ಕಾಣುವುದಿಲ್ಲ.

ಈಗ ಜಗಲಿಗೆ ಬರೋಣ. ಒಳಾಂಗಣ ವಿನ್ಯಾಸಕಾರರಿಗೆ ಬಹಳ ಪ್ರಿಯವಾದದ್ದು ಇದು: ಮೆತ್ತೆ ಹಾಕಿದರೆ ಕೂತು ಹರಟಲು ಒಳ್ಳೆಯ ಜಾಗ. ದೊಡ್ಡ ಮನೆಗಳ ಜಗಲಿ ಅಷ್ಟು ಸರಳವಾಗಿರಲಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರು ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಯಾರು ಅಂಗಳದಲ್ಲಿ ನಿಲ್ಲುತ್ತಾರೆ, ಯಾರು ಜಗಲಿಗೆ ಬರುತ್ತಾರೆ, ಯಾರು ಒಳಗೆ ಹೋಗುತ್ತಾರೆ, ಯಾರು ಹಿತ್ತಿಲಿನಿಂದ ಬರುತ್ತಾರೆ ಎಂಬುದರಿಂದಲೇ, ಮಾತು ಶುರುವಾಗುವ ಮೊದಲೇ, ಅವರ ಜಾತಿ ಮತ್ತು ಅಂತಸ್ತು ತಿಳಿದುಬಿಡುತ್ತದೆ. ಜಗಲಿ ಒಬ್ಬರಿಗೆ ಕೂರುವ ಜಾಗ, ಇನ್ನೊಬ್ಬರಿಗೆ ದಾಟಬಾರದ ಗೆರೆ. ಮನೆಯೊಳಗಿನ ತೊಟ್ಟಿಯದೂ ಹಾಗೆಯೇ. ಆಕಾಶಕ್ಕೆ ತೆರೆದುಕೊಂಡು ಗಾಳಿ ಬೆಳಕು ಕೊಡುತ್ತಿದ್ದ ತೊಟ್ಟಿ ಜಾಣ ರಚನೆ ಎನ್ನುವುದರಲ್ಲಿ ಅನುಮಾನವಿಲ್ಲ. ಗಂಡಸರು ಊರೆಲ್ಲ ಸುತ್ತಿ ಬರುವ ಹೊತ್ತಿಗೆ ಕುಟ್ಟುವುದು, ಕೇರುವುದು, ಒಣಗಿಸುವುದರಲ್ಲಿ ದಿನ ಕಳೆಯುತ್ತಿದ್ದ ಹೆಂಗಸರಿಗೆ ಎಷ್ಟೋ ಮನೆಗಳಲ್ಲಿ ಆಕಾಶ ಕಾಣುತ್ತಿದ್ದದ್ದು ಆ ಚೌಕದಷ್ಟೇ. ಮುಟ್ಟಾದಾಗ ಆ ತೊಟ್ಟಿಗೂ ಕಾಲಿಡದೆ ಹೊರಗೆ ಕೂರಬೇಕಾದ ಮನೆಗಳೂ ಇದ್ದವು.

ಇಂಥ ಮನೆಗಳ ಕಂಬಗಳು ಪೇಟೆಗೆ ಬಂದದ್ದು ಹೇಗೆ? 1974ರ ಭೂಸುಧಾರಣಾ ತಿದ್ದುಪಡಿಯ ನಂತರ ದೇವರಾಜ ಅರಸು ಅವರ ಕಾಲದಲ್ಲಿ ಗೇಣಿದಾರರು ಭೂನ್ಯಾಯಮಂಡಳಿಗಳಿಗೆ ಅರ್ಜಿ ಹಾಕಿ ಉಳುವ ನೆಲದ ಒಡೆಯರಾದರು. ಗೇಣಿಯ ಭತ್ತದ ಮೇಲೆ ನಿಂತಿದ್ದ ದೊಡ್ಡ ಮನೆಗಳಿಗೆ ಅದು ದೊಡ್ಡ ಪೆಟ್ಟು. ಕೂಡುಕುಟುಂಬಗಳು ಪಾಲಾದವು, ಮಕ್ಕಳು ಪಟ್ಟಣ ಸೇರಿದರು, ಆಳುಕಾಳುಗಳಿಲ್ಲದೆ ಅಷ್ಟು ದೊಡ್ಡ ಮನೆಯನ್ನು ಸಂಭಾಳಿಸುವುದು ಆಗದ ಮಾತಾಯಿತು. ಮನೆಗಳನ್ನು ಇಳಿಸಿ ಮರಮಟ್ಟು ಮಾರಿದರು. ಕೆತ್ತನೆಯ ಬಾಗಿಲುಗಳು ಸೌದೆಯ ಬೆಲೆಗೆ ಹೋಗುವುದನ್ನು ಕಂಡ ಮಣಿಪಾಲದ ವಿಜಯನಾಥ ಶೆಣೈ, ಅವುಗಳಲ್ಲಿ ಕೆಲವನ್ನು ತಂದು ಮೊದಲು ತಮ್ಮ ಮನೆ 'ಹಸ್ತಶಿಲ್ಪ'ವನ್ನು ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಕಳಚಿ ತಂದು ಮತ್ತೆ ನಿಲ್ಲಿಸಿ ಪಾರಂಪರಿಕ ಗ್ರಾಮವನ್ನು ರೂಪಿಸಿದರು. ಅವರ ಶ್ರಮ ದೊಡ್ಡದು. ಆದರೆ ಎಲ್ಲ ಕಂಬಗಳಿಗೂ ಅಂಥ ಆಶ್ರಯ ಸಿಗಲಿಲ್ಲ. ಹೆಚ್ಚಿನವು ಹಳೆ ಸಾಮಾನಿನ ಅಂಗಡಿಗಳಿಗೆ ಬಂದು, ಯಾವ ಊರಿನವು, ಯಾರ ಮನೆಯವು ಎಂಬ ಗುರುತು ಕಳೆದುಕೊಂಡವು. ಒಂದು ಲೆಕ್ಕದಲ್ಲಿ, ಇಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ನಿಂತಿರುವ ಅಂಥ ಕಂಬ ಒಂದು ಸಾಮಾಜಿಕ ಬದಲಾವಣೆಯ ಗುರುತು. ಅದು ಪೇಟೆಗೆ ಬಂದದ್ದರ ಹಿಂದೆ ಯಾರೋ ಗೇಣಿದಾರರಿಗೆ ನೆಲ ದಕ್ಕಿದ ಸಂಗತಿಯೂ ಇರಬಹುದು. ಅದನ್ನು ನೋಡುವಾಗ ಬರೀ ಕಳೆದುಹೋದದ್ದರ ಬಗ್ಗೆ ನಿಟ್ಟುಸಿರು ಬಿಡುವುದು ನನಗೆ ಕಷ್ಟ.

ಮನೆಯ ಅಂದದ ಚರಿತ್ರೆಯನ್ನು ಉಳಿದ ಕಂಬಗಳಿಂದಲೇ ಬರೆದರೆ ಇನ್ನೊಂದು ತೊಡಕಿದೆ. ಕಂಬವೇ ಇಲ್ಲದ ಮನೆಗಳು ಅದರಿಂದ ಬಿಟ್ಟುಹೋಗುತ್ತವೆ. ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಹಸಿವೇ ತುಂಬಿರುವ ಸಾಕವ್ವನ ಗುಡಿಸಲಿನ ಗೋಡೆಯ ಮೇಲೆ ಆ ಮನೆಯ ಹುಡುಗಿ ನವಿಲು ಬರೆಯುತ್ತಾಳೆ. ಆ ನವಿಲನ್ನು ಕಳಚಿ ತಂದು ಮಾರುವಂತಿಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹರಿದ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಕೌದಿಯೂ ಇದೇ ಸಾಲಿನದು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ಅದು. ನಾಲ್ಕು ಮೂಲೆಗೂ ಬಟ್ಟೆ ಮಡಚಿದ 'ಫೂಲ' ಇಡದೆ ಹೋದರೆ ಕೌದಿ ಬೆತ್ತಲಾಗುತ್ತದೆ ಎನ್ನುತ್ತಾರೆ. ಚಳಿಗೆ ಹೊದೆಯಲು ಫೂಲ ಬೇಕಾಗಿಲ್ಲ. ಬಡತನದಲ್ಲೂ ಅದು ಇರಲೇಬೇಕು ಎನ್ನುವ ಹಟ ಅಲಂಕಾರದ ಬಗ್ಗೆ ಯಾವ ಶಾಸ್ತ್ರಗ್ರಂಥ ಹೇಳುವುದಕ್ಕಿಂತ ಹೆಚ್ಚನ್ನು ನನಗೆ ಹೇಳಿದೆ.

ಹಾಗೆಂದು ಜಗಲಿ ಕಟ್ಟಿಸಬೇಡಿ, ಹಂಚು ಹೊದಿಸಬೇಡಿ ಎಂದು ಹೇಳುತ್ತಿಲ್ಲ. ಈಗಿನ ಜಗಲಿಯಲ್ಲಿ ಯಾರು ಬೇಕಾದರೂ ಕೂರಬಹುದಾದರೆ ಅದು ಹಳೆಯದಕ್ಕಿಂತ ಒಳ್ಳೆಯ ಜಗಲಿಯೇ. ಮನೆಗೆಲಸಕ್ಕೆ ಬರುವವರು, ಗ್ಯಾಸ್ ಸಿಲಿಂಡರ್ ತರುವವರು ಅದರ ಮೇಲೆ ಕೂತು ನೀರು ಕುಡಿಯುತ್ತಾರೆಯೇ ಎಂಬುದನ್ನಷ್ಟೇ ನೋಡಿಕೊಂಡರೆ ಸಾಕು. ದೀವರ ಹೆಂಗಸರಿಂದ ಕಲಿಯಬೇಕಾದದ್ದು ತ್ರಿಕೋನ ಬರೆಯುವುದನ್ನು ಮಾತ್ರವೇ ಎಂದೂ ನನಗೆ ಅನುಮಾನ. ತಮ್ಮ ಸುತ್ತಲಿನದನ್ನು ಅವರು ನೋಡಿದ ಹಾಗೆ ನಮ್ಮ ಸುತ್ತಲಿನದನ್ನು ನಾವು ನೋಡಿದರೆ, ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್, ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡ್, ಕಿಟಕಿಯ ಕಬ್ಬಿಣದ ಜಾಲರಿಗಳೂ ಗೋಡೆಗೇರಲು ಯೋಗ್ಯವೆನಿಸಬಹುದು.

ಹಳೆಯ ಕಂಬ, ಬಾಗಿಲು ಕೊಳ್ಳುವವರಲ್ಲಿ ಕಡೆಯದಾಗಿ ಒಂದು ಕೋರಿಕೆ. ಕೊಳ್ಳುವಾಗ ಅಂಗಡಿಯವರನ್ನು ಕೇಳಿ: ಇದು ಯಾವ ಊರಿನದು, ಯಾರ ಮನೆಯದು, ಯಾವಾಗ ಇಳಿಸಿದ್ದು, ಕೆತ್ತಿದ ಆಚಾರಿ ಯಾರು? ಆ ಮನೆಯ ಗದ್ದೆಗಳನ್ನು ಯಾರು ಉಳುತ್ತಿದ್ದರು ಎಂದು ಗೊತ್ತಾದರೆ ಅದನ್ನೂ ಕೇಳಿ. ಸಿಕ್ಕಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಪತ್ರಗಳ ಜೊತೆ ಇಟ್ಟುಕೊಳ್ಳಿ. ಮಂಗಳೂರು ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ, ಅದನ್ನು ತುಳಿದು ಹದಮಾಡಿದವರ ಹೆಸರಿರುವುದಿಲ್ಲ. ಇಂಥ ಹೆಸರುಗಳನ್ನು ಹುಡುಕುವ ನನ್ನಂಥವರಿಗೆ ಮುಂದೊಂದು ದಿನ ನಿಮ್ಮ ಆ ಚೀಟಿ ದೊಡ್ಡ ಆಕರವಾಗುತ್ತದೆ.